ಲಿಂಗಸುಗೂರಿನಿಂದ ಸಿಂಧನೂರಿಗೆ: ಸೈಕಲ್ ತೋರಿಸಿದ ಇಳಿಜಾರು

ಲಿಂಗಸುಗೂರು, ಮಸ್ಕಿ, ಸಿಂಧನೂರು. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಈಗ ಅದಕ್ಕೆ 150ಎ ಎಂಬ ನಂಬರು. ಲಿಂಗಸುಗೂರಿನಿಂದ ಮಸ್ಕಿಗೆ 30 ಕಿ.ಮೀ. ಹತ್ತಿರ, ಅಲ್ಲಿಂದ ಸಿಂಧನೂರಿಗೆ ಅದಕ್ಕಿಂತ ತುಸು ಕಡಿಮೆ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಬಿತ್ತನೆ ಬೀಜಕ್ಕೆ, ಕೋರ್ಟಿಗೆ, ಬೀಗರ ಮನೆಗೆ ಅಂತ ಎಷ್ಟೋ ಸಲ ಓಡಾಡಿದವರಿಗೂ ಈ ದಾರಿಯಲ್ಲಿ ಏನೈತಿ ಅಂತ ಕೇಳಿದರೆ ‘ಏನಿಲ್ರಿ, ಎರಡು ಗುಡ್ಡ, ಆಮ್ಯಾಲೆ ಗದ್ದಿ’ ಅನ್ನುತ್ತಾರೆ. ಮಾತು ಖರೇನೇ. ಆದರೆ ಆ ಗುಡ್ಡಕ್ಕೂ ಗದ್ದೆಗೂ ನಡುವೆ ಏನಾಗುತ್ತದೆ ಎಂಬುದು ಬಸ್ಸಿನ ಕಿಟಕಿಗೆ ಸಿಗುವುದಿಲ್ಲ. ಮೋಟಾರ್ ಸೈಕಲ್ಲಿಗೂ ಸಿಗುವುದಿಲ್ಲ, ಯಾಕೆಂದರೆ ಏರು ಬಂದಾಗ ಕೈ ತಿರುವಿದರೆ ಮುಗಿಯಿತು. ತುಳಿಯುವವನಿಗೆ ಮಾತ್ರ ಏರೂ ಇಳಿಜಾರೂ ಮೊಣಕಾಲಿಗೆ ಗೊತ್ತಾಗುತ್ತವೆ.

2024ರ ಡಿಸೆಂಬರಿನಲ್ಲಿ ನಾವು ಇಬ್ಬರು ಈ ದಾರಿಯನ್ನು ಒಂದು ದಿನದಲ್ಲಿ ಸೈಕಲ್ ಮೇಲೆ ಮಾಡಿದೆವು. ಒಬ್ಬ ನಾನು, ಇನ್ನೊಬ್ಬ ತಂಗಿಯ ಮಗ. ನನ್ನದು ಡಂಡಿ ಇರುವ ಹಳೇ ಕರೀ ಸೈಕಲ್, ಹಿಂದೆ ಹಾಲಿನ ಕ್ಯಾನು ಕಟ್ಟಿದ ಗುರುತು ಕ್ಯಾರಿಯರಿನ ಮೇಲೆ ಇನ್ನೂ ಇದೆ. ಅವನದು ಗೇರಿನ ಸೈಕಲ್. ಒಂದು ಲೆಕ್ಕ ಮೊದಲೇ ಹೇಳುತ್ತೇನೆ. ನನ್ನ ಸೈಕಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಗಾಲಿ ಒಂದು ಸುತ್ತಿಗೆ ಎರಡೂಕಾಲು ಮೀಟರಿನಷ್ಟು ಉರುಳುತ್ತದೆ. ಅಂದರೆ ಪೆಡಲು ಒಂದು ಸುತ್ತು ಬಂದರೆ ಸುಮಾರು ಐದೂವರೆ ಮೀಟರ್ ನೆಲ ಹಿಂದಕ್ಕೆ ಹೋಯಿತು. ಸಿಂಧನೂರು ಮುಟ್ಟಲು ಹತ್ತು ಸಾವಿರ ಸುತ್ತು. ಇಳಿಜಾರಿನಲ್ಲಿ ಸುಮ್ಮನೆ ಕೂತು ಉರುಳಿದ್ದನ್ನು ಅದರಲ್ಲಿ ಕಳೆಯಬೇಕು. ಅದೇ ಈ ದಾರಿಯ ಗುಟ್ಟು: ಲಿಂಗಸುಗೂರು ಸಿಂಧನೂರಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಆ ಕಡೆಯಿಂದ ಈ ಕಡೆಗೆ ಬರುವವರಿಗೆ ಭೂಮಿಯೇ ಒಂದಿಷ್ಟು ತಳ್ಳುತ್ತದೆ. ಹಾಗಂತ ಒಂದೇ ಸಮ ಇಳುಕಲು ಅಂತ ತಿಳಿಯಬೇಡಿ. ಕಿ.ಮೀ.ಗೆ ಸರಾಸರಿ ಎರಡು ಮೀಟರೂ ಇಲ್ಲ, ಅದರಲ್ಲೂ ಹಳ್ಳ ಬಂದಲ್ಲೆಲ್ಲ ಇಳಿದು ಮತ್ತೆ ಹತ್ತಬೇಕು.

ಬೆಳಗಿನ ಆರೂವರೆಗೆ ಲಿಂಗಸುಗೂರು ಬಿಟ್ಟೆವು. ಊರಿಗೆ ದೊಡ್ಡ ಹಿಂದಿನ ಕಥೆ ಇದೆ. ನಿಜಾಮರ ಕಾಲದಲ್ಲಿ ಇದು ಜಿಲ್ಲಾಸ್ಥಳ. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ರಾಯಚೂರು, ಕಲಬುರ್ಗಿಗೆ ಹಂಚಿದರು. ಇದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ಲಿನ ಕೋಟೆ, ಕೃಷ್ಣೆಯ ಮೇಲಿನ ಜಲದುರ್ಗ. ಅವೆಲ್ಲ ಬೇರೆ ದಿನದ ಸವಾರಿ.

ಊರು ದಾಟಿದ ಮೇಲೆ ಮಸಾರಿ, ಎರಿ ಎರಡೂ ಕಲಸಿದ ನೆಲ. ಗುಡ್ಡದ ಬುಡಕ್ಕೆ ಹರಳು ಹರಳಾದ ಕೆಂಪು ಮಸಾರಿ, ತಗ್ಗಿಗೆ ಬಂದಂತೆ ಕಪ್ಪು ಎರಿ. ಸೈಕಲ್ ಮೇಲಿಂದ ಇದನ್ನು ನೋಡುವುದಕ್ಕೆ ತಲೆ ಎತ್ತುವುದೂ ಬೇಡ. ಏರು ಹತ್ತುವಾಗ ರಸ್ತೆಯ ಬಗಲಿನ ಮಣ್ಣು ಕೆಂಪಗೆ, ಇಳಿದು ಹಳ್ಳದ ಸೇತುವೆಗೆ ಬಂದರೆ ಕಪ್ಪಗೆ. ಎಷ್ಟು ಸಲ ಎಣಿಸಿದರೂ ತಪ್ಪಲಿಲ್ಲ. ನಡುವೆ ಒಂದರ ಮೇಲೊಂದು ಹೇರಿಟ್ಟಂಥ ಕಲ್ಲುಗುಂಡಿನ ಗುಡ್ಡಗಳು. ಹೊಲದಲ್ಲಿ ತೊಗರಿ ಒಣಗಲು ಶುರುವಾಗಿತ್ತು, ಕಾಯಿ ಗಲಗಲ ಅನ್ನುತ್ತಿತ್ತು. ಎರಿ ಹೊಲದಲ್ಲಿ ಬಿಳಿಜೋಳ, ಕಡಲೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ತಲೆಗೆ ಟವೆಲ್ ಸುತ್ತಿಕೊಂಡು ಇಬ್ಬನಿ ಆರುವುದನ್ನು ಕಾಯುತ್ತಾ ಬದುವಿನ ಮೇಲೆ ಕೂತಿದ್ದರು. ಮೂಡಗಾಳಿ ಎಡಗಿವಿಗೆ ಬೀಸುತ್ತಿತ್ತು. ಈ ದಾರಿಗೆ ಡಿಸೆಂಬರ್, ಜನವರಿ ಬೇಸಿ. ಜೂನ್–ಜುಲೈದಾಗ ಪಡುವಣ ಗಾಳಿ ಸೈಕಲನ್ನು ರಸ್ತೆಯಿಂದ ಕೆಳಗೇ ದಬ್ಬುತ್ತದೆ. ಮಾರ್ಚ್ ನಂತರ ಬಿಸಿಲಿಗೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು.

ಹತ್ತು ಕಿ.ಮೀ. ಆದ ಮೇಲೆ ಒಂದು ಚಹಾದ ಅಂಗಡಿ. ಇಬ್ಬರು ಸೈಕಲ್ ಇಳಿದದ್ದು ನೋಡಿ ಅಲ್ಲಿ ಕೂತ ಹಿರಿಯರೊಬ್ಬರು ಕೇಳಿದರು: ‘ಗಾಡಿ ಕೆಟ್ಟೈತೇನ್ರಿ ನಿಮ್ದು?’

‘ಇಲ್ರಿ ಕಾಕಾ, ಸುಮ್ನ ಸೈಕಲ್ ಮ್ಯಾಲೆ ಸಿಂಧನೂರಿಗೆ ಹೊಂಟೀವಿ.’

‘ಸುಮ್ನ ಯಾರರ ತುಳೀತಾರೇನಪಾ? ಏನರ ಹರಕಿ ಇರಬೇಕು.’

ಹರಕೆ ಅಂತಲೇ ಒಪ್ಪಿಕೊಂಡೆವು, ಮಾತು ಬೆಳೆಯಿತು. ಆ ಹಿರಿಯರಿಗೂ ಸೈಕಲಿನ ನೆನಪು ಇದೆ. ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಹಿಂದೆ ಶೇಂಗಾದ ಬೀಜದ ಚೀಲ ಹೇರಿಕೊಂಡು ಹೊಲಕ್ಕೆ ಹೋಗುತ್ತಿದ್ದರಂತೆ. 2006-07ರಿಂದ ಸರಕಾರ 8ನೇ ಇಯತ್ತೆಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳು ಇವತ್ತಿಗೂ ಎಷ್ಟೋ ಮನೆಯ ಹಿತ್ತಲಲ್ಲಿ ಕುಂಬಳ ಬಳ್ಳಿಗೆ ಆಸರೆಯಾಗಿ ನಿಂತಿವೆ. ಗಾಳಿ ಹೊಡೆಸಿ ಚೈನಿಗೆ ಎಣ್ಣೆ ಬಿಟ್ಟರೆ ಓಡುತ್ತವೆ. ಓಡಿಸುವವರಿಲ್ಲ.

ಗೇರು ಬೇಕೋ ಬೇಡವೋ

ಮಸ್ಕಿಗೆ ಮುಂಚೆ ಬರುವ ಏರುಗಳಲ್ಲಿ ಅಳಿಯ ಗೇರು ಇಳಿಸಿಕೊಂಡು ಹಾಡು ಗುನುಗುತ್ತಾ ಹೋದ. ನಾನು ಸೀಟು ಬಿಟ್ಟೆದ್ದು ನಿಂತು ತುಳಿದೆ. ಮೇಲೆ ಕಾಯುತ್ತಾ ನಿಂತಿದ್ದ. ‘ಮಾಮಾ, ಇನ್ನರ ಗೇರಿನ ಸೈಕಲ್ ತಗೋರಿ’ ಅಂದ.

ಈ ವಾದ ಹೊಸದಲ್ಲ. ಫ್ರಾನ್ಸ್ ದೇಶದ ಸೇಂತ್ ಎಟಿಯೆನ್ ಎಂಬ ಗುಡ್ಡಗಾಡಿನ ಊರಿನಲ್ಲಿ ಪೌಲ್ ದ ವಿವಿ ಎಂಬ ರೇಷ್ಮೆ ವ್ಯಾಪಾರಿ ಇದ್ದ. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡವ. ‘ವೆಲೋಸಿಯೋ’ ಅಂತ ಹೆಸರಿಟ್ಟುಕೊಂಡು ಸೈಕಲ್ ಬಗ್ಗೆಯೇ ಒಂದು ಪತ್ರಿಕೆ ನಡೆಸಿದ. ಒಂದೇ ಹಲ್ಲುಚಕ್ರ ಇಟ್ಟುಕೊಂಡು ಗುಡ್ಡ ಹತ್ತುವುದು ಮೈ ದಂಡಿಸಿದಂತೆ, ಏರಿಗೆ ಒಂದು, ಸಪಾಟಿಗೆ ಇನ್ನೊಂದು ಬೇಕು ಎಂದು ವರ್ಷಗಟ್ಟಲೆ ವಾದಿಸಿದ. ತಾನೇ ಗುಡ್ಡ ಹತ್ತಿ ತೋರಿಸಿದ. ಅವನನ್ನು ನಗುತ್ತಿದ್ದವರೇ ಹೆಚ್ಚು. ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ಅವನು ಸತ್ತು ಏಳು ವರ್ಷಕ್ಕೆ. ಹಸಿವಾಗುವ ಮುಂಚೆ ತಿನ್ನು, ನೀರಡಿಕೆ ಆಗುವ ಮುಂಚೆ ಕುಡಿ ಎಂಬುದು ಅವನ ಬುದ್ಧಿಮಾತಿನ ಸಾರ. ನಮ್ಮ ಎತ್ತು ಹೂಡುವವರು ಎತ್ತಿಗೆ ಇದನ್ನೇ ಮಾಡುತ್ತಾರೆ. ನೊಗ ಕಟ್ಟುವ ಮುಂಚೆ ನೀರು ತೋರಿಸದವನನ್ನು ಒಕ್ಕಲಿಗ ಅನ್ನುವುದಿಲ್ಲ.

ಗೇರು ಒಳ್ಳೆಯದು, ಇಲ್ಲ ಅನ್ನುವುದಿಲ್ಲ. ಆದರೆ ಕೆಟ್ಟರೆ ಹಳ್ಳಿಯಲ್ಲಿ ಸಾಮಾನು ಸಿಗುವುದಿಲ್ಲ. ನನ್ನ ಸೈಕಲಿಗೆ ಎಲ್ಲಿ ಬೇಕಾದರೂ ಒಬ್ಬ ರಿಪೇರಿ ಮಾಡುವವ ಸಿಗುತ್ತಾನೆ. ದಾರಿಯಲ್ಲಿ ಆದದ್ದೂ ಹಾಗೇ. ಜಾಲಿಮುಳ್ಳು ಹೊಕ್ಕು ಇಬ್ಬರ ಗಾಳಿಯೂ ಹೋಯಿತು. ನನ್ನ ಟ್ಯೂಬು ಮಸ್ಕಿಯಲ್ಲಿ ಚಹಾ ಕುಡಿಯುವುದರೊಳಗೆ ಪಂಚರ್ ಆಯಿತು. ಅವನ ಸಣ್ಣ ವಾಲ್ವಿಗೆ ಹೊಂದುವ ಪಂಪು ಹುಡುಕಲು ಮುಕ್ಕಾಲು ತಾಸು ಹಿಡಿಯಿತು.

ಮಸ್ಕಿಯ ಕಲ್ಲು

ಮಸ್ಕಿ ಊರೇ ಗುಡ್ಡಕ್ಕೆ ಒರಗಿ ಕೂತಿದೆ. ಮಲ್ಲಯ್ಯನ ಬೆಟ್ಟಕ್ಕೆ ಹತ್ತುವ ಮೆಟ್ಟಿಲು ದೂರದಿಂದಲೇ ಕಾಣುತ್ತವೆ. ಸೈಕಲನ್ನು ಕೆಳಗೆ ಬಿಟ್ಟು ನಾವು ಮೊದಲು ಹೋದದ್ದು ದುರ್ಗದ ಗುಡ್ಡದ ಅಶೋಕನ ಶಾಸನಕ್ಕೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಇದನ್ನು ಕಂಡುಹಿಡಿದರು. ಅವರು ಹುಡುಕುತ್ತಿದ್ದುದು ಚಿನ್ನ. ಹಟ್ಟಿಯಿಂದ ಮಸ್ಕಿಯವರೆಗೆ ಬಾಗಿ ಬರುವ ಕಪ್ಪುಕಲ್ಲಿನ ಪಟ್ಟೆಯಲ್ಲಿ ಹಳೇ ಕಾಲದವರು ಅಗೆದ ಗುಂಡಿಗಳನ್ನು ನೋಡುತ್ತಾ ಬಂದವರಿಗೆ ಬಂಡೆಯ ಮೇಲೆ ಬರಹ ಸಿಕ್ಕಿತು. ಅದುವರೆಗೆ ಬಂಡೆಗಳ ಮೇಲೆಲ್ಲ ‘ದೇವಾನಾಂಪ್ರಿಯ’ ಎಂದಷ್ಟೇ ಇತ್ತು, ಅಶೋಕ ಎಂಬ ಹೆಸರು ಸಿಕ್ಕಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ಆ ಹೆಸರು ಇತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳದಲ್ಲೂ ಸಿಕ್ಕಿತು, ಆದರೆ ಮೊದಲು ಇಲ್ಲಿ. ಧರ್ಮದಿಂದ ನಡೆದರೆ ಸಣ್ಣವನೂ ಮೇಲಿನ ಸ್ಥಿತಿ ಮುಟ್ಟಬಹುದು, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎಂಬುದು ಅದರ ತಾತ್ಪರ್ಯ.

ಆ ಗುಡ್ಡದ ಮೇಲಿಂದ ಸುತ್ತಲೂ ನೋಡಬೇಕು. ಬಂದ ದಿಕ್ಕಿಗೆ ಬೂದು, ಕೆಂಪು, ಚುಕ್ಕಿ ಚುಕ್ಕಿ ಗಿಡ. ಹೋಗುವ ದಿಕ್ಕಿಗೆ, ದೂರದಲ್ಲಿ, ಒಂದು ಗೆರೆಯಿಂದಾಚೆ ಬೇರೆ ಬಣ್ಣ. ಅಳಿಯ ಕೇಳಿದ, ‘ಮಾಮಾ, ಅದು ಯಾರು ಎಳೆದ ಗೆರಿ?’ ತುಂಗಭದ್ರಾ ಎಡದಂಡೆ ಕಾಲುವೆ ಎಳೆದದ್ದು. ಆದರೆ ಕಾಲುವೆ ಎಲ್ಲಿ ಹೋಗಬೇಕೆಂದು ಹೇಳಿದ್ದು ಇದೇ ಇಳಿಜಾರು.

ಮಸ್ಕಿ ಸೀಮೆಯ ಸಂಕಟ ಈ ಗುಡ್ಡದ ಮೇಲೆ ನಿಂತರೆ ತಿಳಿಯುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆ ಕಡೆ ನಾರಾಯಣಪುರದ ಬಲದಂಡೆ ಕಾಲುವೆ, ಈ ಕಡೆ ಎಡದಂಡೆ ಕಾಲುವೆ. ನಡುವೆ ಎತ್ತರದಲ್ಲಿ ಉಳಿದ ಊರುಗಳಿಗೆ ಎರಡರದ್ದೂ ನೀರಿಲ್ಲ. ಮಸ್ಕಿ ನಾಲಾ ಜಲಾಶಯ ಇದೆ, ಅದು ಮಳೆ ಬಂದರೆ ತುಂಬುವ ಸಣ್ಣ ಕೆರೆ. ನಮ್ಮ ದಾರಿಯ ಎಡಕ್ಕೆ ಒಳಗಿರುವ ಪಾಮನಕಲ್ಲೂರಿನಲ್ಲಿ 2020ರ ನವೆಂಬರಿನಿಂದ ರೈತರು ಧರಣಿ ಕೂತರು. ನಾರಾಯಣಪುರ ಬಲದಂಡೆಯಿಂದ 5ಎ ಎಂಬ ಶಾಖಾ ಕಾಲುವೆ ಕೊಡಿ, ನೀರು ತಾನಾಗಿ ಹರಿದು ಬರುತ್ತದೆ ಎಂಬುದು ಅವರ ಬೇಡಿಕೆ. ಸರಕಾರ ಮುಂದಿಟ್ಟದ್ದು ನಂದವಾಡಗಿ ಏತ ನೀರಾವರಿ, ಅಂದರೆ ಪಂಪಿನಿಂದ ಎತ್ತುವುದು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ಹರಿಯುವ ನೀರಿಗೂ ಎತ್ತುವ ನೀರಿಗೂ ಏನು ಫರಕು ಅಂತ ಪೇಟೆಯವರು ಕೇಳುತ್ತಾರೆ, ನೀರು ಬಂದರೆ ಸಾಕಲ್ಲ ಅನ್ನುತ್ತಾರೆ. ಅವರಿಗೆ ಸೈಕಲ್ ಲೆಕ್ಕದಲ್ಲಿ ಹೇಳಬಹುದು. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೂ ಮಿಕ್ಕಿ ಬೇಕು. ತೂಕ ನೂರು ಟನ್. ಅದನ್ನು ಬರೇ 10 ಮೀಟರ್ ಮೇಲೆತ್ತಲು, ಪಂಪು ಪೈಪಿನ ಸೋರಿಕೆ ಏನೂ ಇಲ್ಲ ಎಂದುಕೊಂಡರೂ, ಹತ್ತಿರ ಹತ್ತಿರ 3 ಯೂನಿಟ್ ಕರೆಂಟು. ನನ್ನಂಥವನು ಒಂದೇ ಸಮ ತುಳಿದರೆ 90 ವ್ಯಾಟಿನಷ್ಟು ಶಕ್ತಿ ಹುಟ್ಟೀತು. ಅಂದರೆ ಆ ಒಂದಿಂಚು ನೀರನ್ನು 10 ಮೀಟರ್ ಎತ್ತಲು ದಿನಕ್ಕೆ 8 ತಾಸಿನಂತೆ ನಾಲ್ಕು ದಿನ ಪೆಡಲ್ ತುಳಿಯಬೇಕು. ಒಂದು ಎಕರೆಗೆ, ಒಂದು ಇಂಚಿಗೆ. ಬೆಳಿಗ್ಗೆಯಿಂದ ಏರು ತುಳಿದ ಮೇಲೆ ಪಾಮನಕಲ್ಲೂರಿನವರು ‘ತಾನಾಗಿ ಹರಿಯೋ ನೀರು ಕೊಡ್ರಿ’ ಅಂತ ಯಾಕೆ ಹಟ ಹಿಡಿದರು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎತ್ತುವ ನೀರಿಗೆ ಕರೆಂಟು ಬೇಕು, ಮೋಟಾರು ಸುಟ್ಟರೆ ಯಾರಾದರೂ ಬರಬೇಕು, ಬಿಲ್ಲು ಯಾರಾದರೂ ಕಟ್ಟಬೇಕು. ಏತವೇ ಬೇಡ ಎಂದು ನಾನು ಹೇಳುವುದಿಲ್ಲ. ಎತ್ತರದ ಊರಿಗೆ ಬೇರೆ ದಾರಿ ಇಲ್ಲದಿದ್ದರೆ ಅದೇ ಗತಿ. ಹರಿದು ಬರಬಹುದಾದ ಕಡೆಗೂ ಎತ್ತಿ ತರುತ್ತೇವೆ ಅಂದರೆ ಮಾತ್ರ ಕೇಳಬೇಕಾಗುತ್ತದೆ.

ಗೆರೆಯಿಂದಾಚೆ

ಮಸ್ಕಿಯಲ್ಲಿ ಮಂಡಾಳು ಒಗ್ಗರಣಿ, ಮಿರ್ಚಿ ತಿಂದು, ಗಂಟಿನ ರೊಟ್ಟಿ ಶೇಂಗಾಹಿಂಡಿಯನ್ನು ಸಂಜೆಗೆ ಉಳಿಸಿಕೊಂಡು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಈಗ ಏರು ಕಡಿಮೆ. ಗುಡ್ಡ ಒಂದೊಂದಾಗಿ ಹಿಂದೆ ಬೀಳುತ್ತವೆ. ಕಾಲು ಸುಮ್ಮನಾಗುತ್ತದೆ, ಕಣ್ಣಿಗೆ ಕೆಲಸ ಹೆಚ್ಚು.

ಕಾಲುವೆಯ ಸೇತುವೆ ಬಂದಾಗ ಇಬ್ಬರೂ ಇಳಿದು ನಿಂತೆವು. ಇಂಥ ದೊಡ್ಡ ಕಾಲುವೆಗೆ ಇಳಿಜಾರು ಕೊಡುವುದು ಕಿ.ಮೀ.ಗೆ ಗೇಣಿನ ಲೆಕ್ಕದಲ್ಲಿ. ಸೈಕಲ್ ಮೇಲೆ ಅಷ್ಟು ಇಳುಕಲು ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ 220 ಕಿ.ಮೀ.ಗೂ ಹೆಚ್ಚು ದೂರ ಈ ಕಾಲುವೆ ತನ್ನ ಎತ್ತರವನ್ನು ಜೋಪಾನವಾಗಿ ಖರ್ಚು ಮಾಡುತ್ತಾ ಹೋಗುತ್ತದೆ. ಮೇಲಿನ ದಂಡೆಗೆ ತೊಗರಿ, ಜಾಲಿ, ಕುರಿಹಿಂಡು. ಕೆಳಗಿನ ದಂಡೆಗೆ ಭತ್ತದ ಗದ್ದೆ, ತೆಂಗು, ಹಾರ್ವೆಸ್ಟರ್ ಯಂತ್ರ. ಮಣ್ಣು ಅದೇ. ವರ್ಷದ ಮಳೆ ಎರಡೂ ಕಡೆ 600 ಮಿ.ಮೀ. ಆಸುಪಾಸು. ನಡುವೆ ಒಂದು ಸೇತುವೆ, ನನ್ನ ಸೈಕಲಿಗೆ ಹತ್ತೋ ಹನ್ನೆರಡೋ ಪೆಡಲು.

ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಗಿತ್ತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಮಳೆ ಕೈಹಿಡಿಯಿತು, ಡ್ಯಾಮು ಮತ್ತೆ ತುಂಬಿತು. ಸೇತುವೆಯ ಬಳಿ ಸಿಕ್ಕ ಗದ್ದೆಯ ರೈತರೊಬ್ಬರು ಆ ವಾರದ ಬಗ್ಗೆ ಹೇಳಿದ್ದು ಇಷ್ಟೇ: ‘ಎಂಟು ದಿನ ಮನ್ಯಾಗ ಯಾರೂ ನೆಟ್ಟಗ ಉಂಡಿಲ್ರಿ ಅಣ್ಣಾರ. ನಾಟಿ ಮುಗಿಸಿ ಕುಂತಿದ್ವಿ.’ ಗೇಟಿನ ಕಥೆ ದೊಡ್ಡ ಸುದ್ದಿಯಾಯಿತು. ಹೂಳಿನದು ಸುದ್ದಿಯಾಗುವುದಿಲ್ಲ. 1953ರಲ್ಲಿ ನೀರು ನಿಲ್ಲಿಸಿದ ಕಾಲಕ್ಕೆ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹಿಡಿಯುವುದು 105ರ ಸುಮಾರು.

ಕಾಲುವೆ ದಾಟಿದ ಮೇಲಿನ ಲೋಕವೇ ಬೇರೆ. ಊರಿನ ಹೆಸರಿನ ಮುಂದೆ ‘ಕ್ಯಾಂಪ್’. ನೀರು ಬಂದಾಗ ಆಂಧ್ರದಿಂದ ಬಂದು ಜಾಲಿ ಕಡಿದು ಗದ್ದೆ ಮಾಡಿದವರ ಊರುಗಳು. ಇನ್ನೊಂದು ಕಡೆ ಆರ್.ಎಚ್. ಕ್ಯಾಂಪುಗಳು: 1970ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಭೂಮಿ ಕೊಟ್ಟು ನೆಲೆ ಮಾಡಿದ್ದು. ಹೊಲದ ಬಗಲಿಗೆ ಮೀನಿನ ಹೊಂಡ ಇದ್ದರೆ ಬಂಗಾಳಿಯವರದು ಅಂತ ನಮ್ಮವರು ದೂರದಿಂದಲೇ ಹೇಳುತ್ತಾರೆ. ಒಂದೇ ತಾಸಿನ ಸವಾರಿಯಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಕಿವಿಗೆ ಬಿದ್ದವು.

ಸೋನಾ ಮಸೂರಿಯ ಹೆಸರಿಗೆ ಸಿಂಧನೂರು ಬೆಳೆದದ್ದು. ಈಗ ಆರ್‌ಎನ್‌ಆರ್ ತಳಿಯೂ ಬಹಳ. ರಸ್ತೆ ಬಗಲಿಗೆ ಭತ್ತ ಹರವಿದ್ದಾರೆ, ಅರ್ಧ ರಸ್ತೆ ಅದಕ್ಕೇ ಹೋಗಿದೆ. ಉಳಿದರ್ಧದಲ್ಲಿ ಲಾರಿಗಳು. ಸೈಕಲಿನವ ಎಚ್ಚರ ಇರಬೇಕಾದ್ದು ಇಲ್ಲಿ, ಗುಡ್ಡದಲ್ಲಲ್ಲ. ಎದುರಿಗೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಮಸ್ಕಿಯ ಕಡೆಗೆ ಹತ್ತಿ ಹೋಗುತ್ತಿದ್ದವು. ನೀರು ಏರದ ಊರಿಗೆ ಮೇವಾದರೂ ಏರುತ್ತದೆ.

ಇನ್ನೂ ಕೆಳಗೆ, ತಗ್ಗಿನಲ್ಲಿ, ಬೇರೊಂದು ನೋಟ. ಗದ್ದೆಯ ನಡುವೆ ಬಿಳೀ ಮಚ್ಚೆ. ಸುಣ್ಣ ಚೆಲ್ಲಿದಂತೆ. ಸವುಳು. ಮೇಲಿನ ಗದ್ದೆಯ ಬಸಿನೀರು ಇಳಿದು ಬಂದು ನಿಂತು, ಆರಿ, ಉಪ್ಪು ಬಿಟ್ಟ ಜಾಗ. ಅಲ್ಲಿ ಜೊಂಡು ಬಿಟ್ಟರೆ ಏನಿಲ್ಲ. ಈ ಕಾಲುವೆಯನ್ನು ಯೋಚಿಸಿದಾಗ ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ, ಭತ್ತಕ್ಕೆ ಸ್ವಲ್ಪ ಭಾಗ ಎಂದು ಇತ್ತು. ನೀರು ಮೊದಲು ಸಿಕ್ಕವರು ಭತ್ತ ಹಚ್ಚಿದರು. ಅದರ ಫಲ ಎರಡು: ಮೇಲೆ ನೀರು ಹೆಚ್ಚಾಗಿ ತಗ್ಗಿಗೆ ಸವುಳು, ಕೊನೆಗೆ ನೀರು ಸಾಲದೆ ಮಾನ್ವಿ, ರಾಯಚೂರಿನ ಕಡೆ ಒಣ ತೂಬು. ಸವುಳು ನೆಲದ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹಳ ವರ್ಷದಿಂದ ಕೆಲಸ ನಡೆದಿದೆ. ನೆಲದಡಿ ತೂತಿನ ಪೈಪು ಹಾಕಿ ಉಪ್ಪುನೀರು ಬಸಿದು ತೆಗೆಯುವುದು ಅದರಲ್ಲಿ ಒಂದು. ಆದರೆ ಬಸಿದ ನೀರು ಹೋಗಲು ಕೆಳಗೊಂದು ಹಳ್ಳ ತೆರೆದಿರಬೇಕು. ಹಳ್ಳವನ್ನು ಒತ್ತಿ ಗದ್ದೆ ಮಾಡಿಕೊಂಡ ಕಡೆ ಪೈಪು ಎಲ್ಲಿಗೆ ಬಿಡುವುದು? ಸೇತುವೆಗಳ ಮೇಲೆ ನಿಂತು ನಾವು ಎಣಿಸಿದ ಹಳ್ಳಗಳಲ್ಲಿ ಪೂರ್ತಿ ಅಗಲಕ್ಕೆ ಉಳಿದವು ಕಡಿಮೆ.

ಬೆಳಿಗ್ಗೆ ಲಿಂಗಸುಗೂರಿನ ಬದುವಿನಲ್ಲಿ ನೀರಿಲ್ಲ ಅಂತ ಕೇಳಿದ ಮಾತೂ, ಸಂಜೆ ಸಿಂಧನೂರಿನ ಬದುವಿನಲ್ಲಿ ನೀರು ಹೆಚ್ಚಾತು ಅಂತ ಕೇಳಿದ ಮಾತೂ ನಡುವೆ 50 ಕಿ.ಮೀ. ಅಷ್ಟೇ. ಗದ್ದೆಯವರು ಗುಡ್ಡದ ಕಡೆ ಹೋಗುವುದಿಲ್ಲ, ಗುಡ್ಡದವರು ಗದ್ದೆಗೆ ಬರುವುದು ಕೂಲಿಗೆ. ದಾರಿಯಲ್ಲಿ ಮಾತಾಡಿಸಿದ ಇಬ್ಬರು ಮೂವರು ಒಕ್ಕಲಿಗರಿಗೆ ಇನ್ನೊಂದು ಕಡೆಯವರು ಈ ತಿಂಗಳು ಏನು ಬೆಳೆದಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಸಿಂಧನೂರು ಮುಟ್ಟಿದಾಗ ಸಂಜೆ ಐದೂ ಕಾಲು. ನಿಂತದ್ದು, ತಿಂದದ್ದು, ಪಂಚರ್ ಹಾಕಿಸಿದ್ದು ಕಳೆದರೆ ತುಳಿದದ್ದು ಐದು ತಾಸಿನ ಒಳಗೆ.

ಹೋಗುವವರಿಗೆ ಒಂದೆರಡು ಮಾತು. ಲಿಂಗಸುಗೂರಿನಿಂದಲೇ ಹೊರಡಿ, ಇಳಿಜಾರು ನಿಮ್ಮ ಪರವಾಗಿರುತ್ತದೆ. ಜಾಲಿಮುಳ್ಳಿಗೆ ಎರಡು ಹೆಚ್ಚಿನ ಟ್ಯೂಬು, ಒಂದು ಕೈಪಂಪು ಇರಲಿ. ಮಸ್ಕಿಯಲ್ಲಿ ಎರಡು ತಾಸು ಇಟ್ಟುಕೊಳ್ಳಿ. ಮಸ್ಕಿ ದಾಟಿದ ಮೇಲೆ ಲಾರಿ ಕಾಟ ಇರುವುದರಿಂದ ಕತ್ತಲಾಗುವ ಮುಂಚೆ ಸಿಂಧನೂರು ಸೇರಬೇಕು. ಎಳ್ಳಮಾಸಿಯ ಹಿಂದುಮುಂದಿನ ದಿನವಾದರೆ ಯಾರಾದರೊಬ್ಬರು ಹೊಲಕ್ಕೆ ಕರೆದು ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಹಾಕಿಯೇ ಬಿಡುತ್ತಾರೆ, ಅದಕ್ಕೂ ಒಂದು ತಾಸು ಹಿಡಿಯಿರಿ. ವಾಪಸು ಬರುವಾಗ ಸೈಕಲನ್ನು ನಾವು ಮಸ್ಕಿಯ ಕಡೆ ಹೊರಟಿದ್ದ ಹುಲ್ಲಿನ ಟ್ರ್ಯಾಕ್ಟರಿನ ಮೇಲೆ ಹಾಕಿದೆವು. ಚಾಲಕ ದುಡ್ಡು ಬೇಡ ಅಂದ; ಬದಲಿಗೆ ಅಳಿಯನ ಗೇರಿನ ಸೈಕಲನ್ನು ಒಂದು ಸುತ್ತು ಹೊಡೆದು ನೋಡಿದ.